ಬಿಸಿಲಿನ ಸೈಕಲ್ ಪ್ರವಾಸ ಮತ್ತು ದೇಹದ ಶಾಖ

ನಾಸಿಕದಿಂದ ತ್ರ್ಯಂಬಕೇಶ್ವರಕ್ಕೆ ಸುಮಾರು 28 ಕಿಲೋಮೀಟರ್ ದೂರ. ಸಾತಪೂರದ ಕಾರ್ಖಾನೆಗಳನ್ನು ದಾಟಿದ ಬಳಿಕ ರಸ್ತೆಯು ಮೆಲ್ಲಮೆಲ್ಲನೆ ಏರುತ್ತ, ಅಂಜನೇರಿ ಬೆಟ್ಟದ ಬುಡವನ್ನು ಹಾದು, ಗೋದಾವರಿಯ ಉಗಮಸ್ಥಾನವಾದ ಬ್ರಹ್ಮಗಿರಿಯ ತಪ್ಪಲನ್ನು ಮುಟ್ಟುತ್ತದೆ. (ಅಂಜನೇರಿಯೇ ಹನುಮನ ಜನ್ಮಸ್ಥಳವೆಂಬುದು ಅಲ್ಲಿಯವರ ನಂಬಿಕೆ. ಹಂಪೆಯ ಬಳಿಯ ಅಂಜನಾದ್ರಿಯನ್ನು ಏರಿಬಂದ ಕನ್ನಡಿಗರು ಇದಕ್ಕೆ ಒಪ್ಪಲಾರರು; ಅದು ಬೇರೆಯ ಮಾತು.) ಹಿಂದೆ ಯಾತ್ರಿಕರು ಕಾಲ್ನಡಿಗೆಯಲ್ಲಿ ಸವೆಸಿದ ಈ ಹಾದಿಯಲ್ಲಿ ಇಂದು ಸೈಕಲ್ ಸಂಘಗಳ ಸವಾರರು ಗುಂಪುಗುಂಪಾಗಿ ಸಾಗುವುದು ಸಾಮಾನ್ಯ ದೃಶ್ಯ. ಮುಂಬಯಿಯ ತರುಣರೂ, ನಡುವಯಸ್ಸಿನವರೂ ರಜೆಯ ದಿನಗಳಲ್ಲಿ ಅವರನ್ನು ಕೂಡಿಕೊಳ್ಳುವುದುಂಟು.

ಸೈಕಲ್ ಸವಾರಿಯಲ್ಲಿ ನಾಸಿಕದ ಹೆಸರು ದೊಡ್ಡದು. ಅಮೆರಿಕ ಖಂಡವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ, ಸುಮಾರು 4,800 ಕಿಲೋಮೀಟರ್ ಉದ್ದದ ಸ್ಪರ್ಧೆಯನ್ನು 2015ರಲ್ಲಿ ಇಬ್ಬರ ತಂಡವಾಗಿ ಪೂರೈಸಿದ ವೈದ್ಯ ಸಹೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ ಇದೇ ಊರಿನವರು. 2017ರಲ್ಲಿ ಸೇನಾ ವೈದ್ಯ ಶ್ರೀನಿವಾಸ ಗೋಕುಲನಾಥ್ ಅದನ್ನು ಒಬ್ಬಂಟಿಯಾಗಿ ಮುಗಿಸಿದರು. ಆ ಸ್ಪರ್ಧೆಯ ದಾರಿ ಮರುಭೂಮಿಯ ಮೂಲಕವೂ ಹೋಗುತ್ತದೆ. ಆದರೆ ಅಲ್ಲಿ ಸವಾರನ ಬೆನ್ನಿಗೆ ನೀರು, ಹಿಮ, ಔಷಧಿಗಳನ್ನು ಹೊತ್ತ ವಾಹನವೂ, ಅವನನ್ನು ಕಣ್ಣಿಟ್ಟು ನೋಡುವ ಸಹಾಯಕರೂ ಇರುತ್ತಾರೆ. ಭಾನುವಾರದ ಪ್ರವಾಸಕ್ಕೆ ಹೊರಟವರಿಗೆ ಆ ಕಣ್ಣುಗಳು ಜೊತೆಯ ಸವಾರರದೇ ಆಗಬೇಕು. ಹಾಗೇಕೆಂಬುದನ್ನು ತಿಳಿಯಲು ಶರೀರದ ವ್ಯಾಪಾರವನ್ನು ಸ್ವಲ್ಪ ನೋಡಬೇಕು.

ಪೆಡಲು ತುಳಿಯುವಾಗ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲು ಮಾತ್ರ ಚಕ್ರವನ್ನು ತಿರುಗಿಸುತ್ತದೆ, ಉಳಿದದ್ದೆಲ್ಲ ಶಾಖವಾಗುತ್ತದೆ. 70 ಕಿಲೋ ತೂಕದ ಸವಾರನೊಬ್ಬನು ಗಂಟೆಗೆ 600 ಕಿಲೋ ಕ್ಯಾಲೊರಿ ವ್ಯಯಿಸುವನೆಂದು ಇಟ್ಟುಕೊಂಡರೆ, ಸುಮಾರು 450 ಶಾಖದ ಪಾಲು. ಅದು ಹೊರಹೋಗದೆ ಒಳಗೇ ಉಳಿದರೆ ಒಂದೇ ಗಂಟೆಯಲ್ಲಿ ಮೈಯ ಉಷ್ಣತೆ ಏಳು ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರಬೇಕು! ಹಾಗಾಗದಂತೆ ಕಾಯುವುದು ಮುಖ್ಯವಾಗಿ ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿಯಾಗಿ ಆರಿದಾಗ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗಲಂತೂ ಬೆವರು ಆರುವುದೊಂದೇ ದಾರಿ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಈ ಪ್ರಯೋಜನವಿಲ್ಲ.

ಇಲ್ಲಿಯೇ ಮುಂಬಯಿಯವರು ಮೋಸಹೋಗುವುದು. ಕಡಲ ತೀರದ ತೇವದ ಗಾಳಿಯಲ್ಲಿ ಬೆವರು ಆರದೆ ಅಂಗಿ ಒದ್ದೆಯಾಗುತ್ತದೆ. ಆದ್ದರಿಂದ ಎಷ್ಟು ಬೆವರಿದೆವೆಂಬುದು ಕಣ್ಣಿಗೆ ಕಾಣುತ್ತದೆ. ಕಸಾರಾ ಘಟ್ಟವನ್ನು ಹತ್ತಿ ನಾಸಿಕದ ಪ್ರಸ್ಥಭೂಮಿಗೆ ಬಂದರೆ ಚೈತ್ರ ವೈಶಾಖಗಳ ಗಾಳಿ ಒಣದು. ಉಷ್ಣಾಂಶ 38 ಡಿಗ್ರಿಯನ್ನು ಮೀರಿದ ಮಧ್ಯಾಹ್ನದಲ್ಲಿಯೂ ಬೆವರು ಹುಟ್ಟಿದೊಡನೆ ಆರಿ, ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆಯಷ್ಟೇ ಉಳಿಯುತ್ತದೆ. ‘ಇಲ್ಲಿ ಬೆವರೇ ಬರುವುದಿಲ್ಲ’ ಎಂದು ಹಿಗ್ಗುವವನು ಗಂಟೆಗೆ ಒಂದು ಲೀಟರಿನಷ್ಟು ನೀರನ್ನು ತನಗರಿವಿಲ್ಲದೆ ಕಳೆದುಕೊಂಡಿರಬಹುದು.

ಇನ್ನು ಗುಂಪಿನ ವಿಷಯ. ಒಬ್ಬರ ಹಿಂದೆ ಒಬ್ಬರು ಹತ್ತಿರ ಸಾಗುವಾಗ ಹಿಂದಿನವನಿಗೆ ಎದುರುಗಾಳಿಯ ತಡೆ ಕಡಿಮೆ, ಶ್ರಮವೂ ಕಡಿಮೆ. ಆದರೆ ಮೈಗೆ ತಾಗಿ ಬೆವರನ್ನು ಆರಿಸುವ ಗಾಳಿಯೂ ಅಷ್ಟಕ್ಕೆ ಕಡಿಮೆಯಾಯಿತು. ಏರಿನಲ್ಲಿ ವೇಗ ಕುಗ್ಗುತ್ತದೆ, ಗಾಳಿ ನಿಲ್ಲುತ್ತದೆ, ಶ್ರಮ ಮಾತ್ರ ಹೆಚ್ಚುತ್ತದೆ. ಅಂಜನೇರಿಯ ಬಳಿ ದುರ್ಬಲನಾದ ಸವಾರನು ಹಿಂದುಳಿಯುವ ನಾಚಿಕೆಗಾಗಿ ಹಲ್ಲುಕಚ್ಚಿ ತುಳಿಯುತ್ತಾನೆ. ಮುಂದಿನವರು ಬಾಗಿಲಲ್ಲಿ ಕಾದಂತೆ ಕಾದು, ಅವನು ಬಂದು ಸೇರಿದೊಡನೆ ಮತ್ತೆ ಹೊರಡುತ್ತಾರೆ. ಹೀಗೆ ವಿಶ್ರಾಂತಿ ಬಲಿಷ್ಠರ ಪಾಲಿಗೆ ಹೋಗುತ್ತದೆ, ಬೇಕಾದವನಿಗೆ ದೊರೆಯುವುದಿಲ್ಲ. ಎಲ್ಲರಿಗಿಂತ ನಿಧಾನ ಸಾಗುವವನ ಗತಿಯೇ ಗುಂಪಿನ ಗತಿಯಾಗಬೇಕು, ಅನುಭವಿಯೊಬ್ಬನು ಕಡೆಯಲ್ಲಿರಬೇಕು.

ತಲೆನೋವು, ಓಕರಿಕೆ, ಕಣ್ಣು ಕತ್ತಲಿಡುವುದು, ಕಾಲಿನ ನಿಶ್ಶಕ್ತಿ, ಇವು ಬಿಸಿಲಿನ ಬಳಲಿಕೆಯ ಲಕ್ಷಣಗಳು. ನೆರಳು, ವಿಶ್ರಾಂತಿ, ಪಾನೀಯಗಳಿಂದ ಸಾಮಾನ್ಯವಾಗಿ ಇವು ಇಳಿಯುತ್ತವೆ. ಉಷ್ಣಾಘಾತ ಹಾಗಲ್ಲ. ಅದರಲ್ಲಿ ಒಳಮೈಯ ಉಷ್ಣತೆ 40 ಡಿಗ್ರಿಯನ್ನು (104 ಫ್ಯಾರನ್‌ಹೀಟ್) ಮೀರಿ ಮಿದುಳು ಕೆಡುತ್ತದೆ. ಸವಾರನು ತೊದಲುತ್ತಾನೆ, ಸಿಡುಕುತ್ತಾನೆ, ಸೈಕಲ್ಲು ಅಡ್ಡಾದಿಡ್ಡಿ ಹೋಗುತ್ತದೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬರುತ್ತದೆ. ಚರ್ಮ ಒಣಗಿರಲೇಬೇಕೆಂಬ ಹಳೆಯ ತಿಳಿವಳಿಕೆ ಇಲ್ಲಿ ಸಲ್ಲದು. ಶ್ರಮದಿಂದ ಬಂದ ಆಘಾತದಲ್ಲಿ ಬೆವರು ಹರಿಯುತ್ತಲೇ ಇರಬಹುದು. ಕೆಟ್ಟಿರುವುದು ಬುದ್ಧಿಯೇ ಆದ್ದರಿಂದ ರೋಗಿಗೆ ತನ್ನ ಸ್ಥಿತಿ ತಿಳಿಯದು. ‘ನನಗೇನೂ ಆಗಿಲ್ಲ, ನಡೆಯಿರಿ’ ಎಂಬ ಅವನ ಮಾತನ್ನು ನಂಬತಕ್ಕದ್ದಲ್ಲ.

ಆಗ ಮೊದಲ ಕೆಲಸ ಮೈಯನ್ನು ತಂಪುಗೊಳಿಸುವುದು. ಒಬ್ಬರು 108ಕ್ಕೆ ಕರೆಮಾಡಲಿ. ಉಳಿದವರು ವಾಹನಕ್ಕೆ ಕಾಯದೆ ರೋಗಿಯನ್ನು ನೆರಳಿಗೆ ಒಯ್ದು, ಶಿರಸ್ತ್ರಾಣವನ್ನೂ ಬಿಗಿಯಾದ ಉಡುಪನ್ನೂ ತೆಗೆದು, ಇದ್ದಷ್ಟು ನೀರನ್ನು ಮೈಮೇಲೆ ಸುರಿದು, ಬಿಡದೆ ಗಾಳಿ ಬೀಸಬೇಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಹಿಮದ ಗಡ್ಡೆಯನ್ನು ಇಡಬಹುದು. ರಸ್ತೆ ಬದಿಯ ಕಬ್ಬಿನ ಹಾಲಿನ ಅಂಗಡಿಯಲ್ಲಿ ಅದು ಸಿಕ್ಕೀತು. ತೊಟ್ಟಿಯಲ್ಲಿ ತಣ್ಣೀರು ತುಂಬಿ ತಲೆಯನ್ನು ಮೇಲೆ ಹಿಡಿದು ಮುಳುಗಿಸುವುದು ಸರ್ವೋತ್ತಮ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಕೂಡದು. ಪ್ಯಾರಾಸಿಟಮಾಲ್ ಮಾತ್ರೆ ಜ್ವರಕ್ಕೆ ಮದ್ದೇ ಹೊರತು ಈ ಶಾಖಕ್ಕಲ್ಲ. ಕಿಸೆಯಲ್ಲಿ ಈರುಳ್ಳಿ ಇಟ್ಟುಕೊಳ್ಳುವ ರೂಢಿಯಿಂದ ಹಾನಿಯಿಲ್ಲ, ರಕ್ಷಣೆಯೂ ಇಲ್ಲ.

ಪಾನೀಯದಲ್ಲಿ ನಮ್ಮ ಹಿರಿಯರ ವಿವೇಕ ಮೆಚ್ಚತಕ್ಕದ್ದು. ಬಿಸಿಲು ಏರುವ ಹೊತ್ತಿಗೆ ರಾಮನವಮಿಯ ಪಾನಕ, ನೀರುಮಜ್ಜಿಗೆ ಬರುತ್ತವೆ. ಪಂಚವಟಿಯ ಊರಿನಲ್ಲಿ ಅವನ್ನು ನೆನೆಯುವುದು ಸಹಜ. ಪಾನಕಕ್ಕೆ ಚಿಟಿಕೆ ಉಪ್ಪು ಬೆರೆಸಿದರೆ ಸವಾರನಿಗೆ ಇನ್ನೂ ಒಳ್ಳೆಯದು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎಲ್ಲವೂ ತಲೆಮಟ್ಟದ ಅಳತೆ, ಬೆರೆಸಿದರೂ ಆದೀತು. ಆದರೆ ಬರಿಯ ನೀರನ್ನು ದಾಹ ಮೀರಿ ಗಂಟೆಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ಪ್ರಾಣಕ್ಕೆ ಸಂಚಕಾರವಾಗುತ್ತದೆ. ಹೊರಡುವ ಮುನ್ನ, ಬಂದ ನಂತರ ತೂಕ ನೋಡಿಕೊಂಡರೆ ತನ್ನ ಲೆಕ್ಕ ತಿಳಿಯುತ್ತದೆ: ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ನಷ್ಟ, ತೂಕ ಏರಿದ್ದರೆ ಕುಡಿದದ್ದು ಅತಿಯಾಯಿತು.

ದೇಹವು ಬಿಸಿಲಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ವರ್ಷವೆಲ್ಲ ತಂಪು ಕಚೇರಿಯಲ್ಲಿ ಕುಳಿತವರು ಮೊದಲ ದಿನವೇ ತ್ರ್ಯಂಬಕಕ್ಕೆ ಹೊರಡದೆ, ದಿನವೂ ಸ್ವಲ್ಪ ಸ್ವಲ್ಪವಾಗಿ ರೂಢಿಸಿಕೊಳ್ಳಬೇಕು. ಇತ್ತೀಚೆಗೆ ಜ್ವರ, ಭೇದಿ ಬಂದವರು, ಹಿಂದಿನ ರಾತ್ರಿ ನಿದ್ದೆಗೆಟ್ಟವರು, ಮದ್ಯ ಸೇವಿಸಿದವರು ಅಂದು ಹೋಗದಿರುವುದೇ ಲೇಸು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು ವೈದ್ಯರನ್ನು ಕೇಳಿ ಹೊರಡಬೇಕು. ಬೆಳಕು ಹರಿಯುವಾಗ ಹೊರಟು, ಕುಶಾವರ್ತದ ದರ್ಶನ ಮುಗಿಸಿ, ಹತ್ತು ಗಂಟೆಯೊಳಗೆ ನಾಸಿಕಕ್ಕೆ ಮರಳುವುದು ಉಚಿತ. ದೇವಾಲಯದ ಸಾಲು ಉದ್ದವಾಗಿ ಹೊತ್ತೇರಿದರೆ ಸೈಕಲ್ಲುಗಳನ್ನು ಟೆಂಪೋ ಒಂದಕ್ಕೆ ಏರಿಸಿ ಬರಬಹುದು. ಉಷ್ಣಾಘಾತದಿಂದ ಚೇತರಿಸಿಕೊಂಡವನು ಆಸ್ಪತ್ರೆಯಿಂದ ಬಂದ ಮೇಲೆ ಕನಿಷ್ಠ ಒಂದು ವಾರ ವ್ಯಾಯಾಮವನ್ನು ಬಿಟ್ಟು, ವೈದ್ಯರ ಒಪ್ಪಿಗೆಯ ನಂತರವೇ, ಅದೂ ತಂಪು ಹೊತ್ತಿನಲ್ಲಿ, ಮತ್ತೆ ಸೈಕಲ್ಲನ್ನು ಮುಟ್ಟಬೇಕು.