ವಾಹನದ ಹಿಂದಿನ ದೀಪದೊಳಗೆ ನೀರು: ಕಾರಣ ಮತ್ತು ರಿಪೇರಿ



ಕೊಳೆರೋಗ, ಕಾಂಡಕೊರಕಗಳ ಮಾತು ಬಿಟ್ಟು ಕಾರ್ಯದರ್ಶಿಗಳು ವಾಹನದ ದೀಪದ ಬಗ್ಗೆ ಬರೆಯಹೊರಟಿದ್ದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ಕಳೆದ ಆಷಾಢದಲ್ಲಿ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದ ಕಡೆಗೆ ಬರುತ್ತಿದ್ದೆ. ದಟ್ಟ ಮಂಜು. ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದೆ. ಹಿಂದಿದ್ದ ಲಾರಿ ನಮ್ಮ ಪಿಕಪ್ಪಿಗೆ ಒಂದು ಮಾರು ದೂರದಲ್ಲಿ ಕಿರುಗುಟ್ಟಿ ನಿಂತಿತು. ಚಾಲಕ ಇಳಿದು ಬಂದು, "ಬ್ರೇಕ್ ಲೈಟೇ ಇಲ್ಲದೆ ಘಾಟಿಗೆ ಬರ್ತೀರಲ್ಲ ಸ್ವಾಮಿ" ಎಂದ. ಉತ್ತರ ಕೊಡುವಂತಿರಲಿಲ್ಲ. ಬಲಗಡೆಯ ದೀಪದೊಳಗೆ ಎರಡು ಬೆರಳು ನೀರು ನಿಂತು ಹೋಲ್ಡರ್ ಕಿಲುಬು ಹಿಡಿದಿತ್ತು. ಎಡಗಡೆಯದು ಒಳಗೆಲ್ಲ ಬೆವತು ಮಂಕಾಗಿತ್ತು. ಆ ನೀರನ್ನು ಎರಡು ತಿಂಗಳಿಂದ ದಿನವೂ ನೋಡುತ್ತಲೇ ಇದ್ದವನು ನಾನು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು. ಸಾಮಾನ್ಯ ಬಲ್ಬಿನಲ್ಲಿ ಎರಡು ತಂತಿಗಳಿರುತ್ತವೆ: ರಾತ್ರಿ ಉರಿಯುವುದು 5 ವ್ಯಾಟಿನದು, ಬ್ರೇಕಿಗೆ ಉರಿಯುವುದು 21 ವ್ಯಾಟಿನದು. ನಮ್ಮ ಮಳೆಗಾಲದ ಮಂಜಿನಲ್ಲಿ ಈ 5 ವ್ಯಾಟಿಗೆ ಒಳಗಿನ ಹನಿಗಳ ಪರದೆಯೂ ಸೇರಿದರೆ ಉಳಿಯುವುದೇನು?

ನೀರು ಹೇಗೆ ಬರುತ್ತದೆಂಬುದನ್ನು ಮೊದಲು ತಿಳಿಯಬೇಕು. ದೀಪವೂ ಉಸಿರಾಡುತ್ತದೆ. ಒಂದು ಲೀಟರ್ ಗಾಳಿ ಹಿಡಿಸುವ ದೀಪ ಬಲ್ಬಿನ ಶಾಖದಿಂದ 30 ಡಿಗ್ರಿಯಷ್ಟು ಬಿಸಿಯಾದರೆ ಹತ್ತರಲ್ಲೊಂದು ಪಾಲು, ಅಂದರೆ ಸುಮಾರು 100 ಮಿ.ಲೀ. ಗಾಳಿ ಹೊರಹೋಗುತ್ತದೆ. ತಣಿದಾಗ ಅಷ್ಟನ್ನೇ ಒಳಗೆಳೆದುಕೊಳ್ಳುತ್ತದೆ. ಇದಕ್ಕೆಂದೇ ತಯಾರಕರು ದೀಪದ ಹಿಂಬದಿಯಲ್ಲಿ ಸಣ್ಣ ಗಾಳಿಕಿಂಡಿ ಇಟ್ಟಿರುತ್ತಾರೆ. ಒಳಹೊಕ್ಕ ಗಾಳಿಯ ತೇವ ರಾತ್ರಿ ತಣ್ಣಗಾದ ಗಾಜಿನ ಮೇಲೆ ಹನಿಗಟ್ಟುತ್ತದೆ. ಅಡಿಕೆ ಒಣಗಿಸುವ ಪಾಲಿಹೌಸಿನ ಹಾಳೆಯ ಒಳಮೈಯಲ್ಲಿ ಬೆಳಿಗ್ಗೆ ನೀವು ಕಾಣುವ ಹನಿಗಳೂ ಇವೇ.

ಆದರೆ ಒಂದು ಲೆಕ್ಕ ನೆನಪಿರಲಿ. 25 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಒಂದು ಲೀಟರ್ ಗಾಳಿಯಲ್ಲಿರುವ ನೀರು ಸುಮಾರು 23 ಮಿಲಿಗ್ರಾಂ, ಅಂದರೆ ಅರ್ಧ ಹನಿಯಷ್ಟು. ಆದ್ದರಿಂದ ದೀಪ ಹಚ್ಚಿ ಅರ್ಧ ಗಂಟೆ ಓಡಿಸಿದ ಮೇಲೆ ಮಾಯವಾಗುವ ತೆಳುಮಂಜಿಗೆ ಹೆದರಬೇಕಿಲ್ಲ. ತಳದಲ್ಲಿ ಚಮಚದಷ್ಟು ನೀರು ನಿಂತಿದ್ದರೆ ಅದು ಗಾಳಿಯಿಂದ ಬಂದದ್ದಲ್ಲ, ಎಲ್ಲೋ ಸೋರಿದೆ.

ಮಳೆಯಿಲ್ಲದ ಸೀಮೆಯಲ್ಲೂ ಇದು ತಪ್ಪಿದ್ದಲ್ಲ. ಧಾರವಾಡದ ಕೃಷಿ ಕಾಲೇಜಿನಲ್ಲಿ ನನ್ನೊಡನೆ ಓದಿದ ಗೆಳೆಯರೊಬ್ಬರು ಚಿಂಚೋಳಿ ತಾಲ್ಲೂಕಿನ ಸುಲೇಪೇಟದಲ್ಲಿ ತೊಗರಿ ಬೆಳೆಯುತ್ತಾರೆ. ಬೇಸಿಗೆಯಲ್ಲಿ ಫೋನು ಮಾಡಿ, "ಅಲ್ಲೋ, ನಮ್ ಕಡಿ ಮಳಿನೇ ಇಲ್ಲ, ಈ ಲೈಟಿನಾಗ ನೀರ್ ಹ್ಯಾಂಗ್ ಬಂತು?" ಎಂದರು. ವಿಚಾರಿಸಿದರೆ, ಸೇಡಂನಿಂದ ನಡುಮಧ್ಯಾಹ್ನ ಬಂದವರೇ ಕಾದ ಕಾರಿಗೆ ಬಾವಿಯ ತಣ್ಣೀರು ಎರಚಿ ತೊಳೆಯುವುದು ಅವರ ಪದ್ಧತಿ! ಒಳಗಿನ ಬಿಸಿಗಾಳಿ ಒಮ್ಮೆಲೇ ಕುಗ್ಗಿ, ಗ್ಯಾಸ್ಕೆಟ್ಟಿನ ಅಂಚಿನಲ್ಲಿದ್ದ ನೀರನ್ನೇ ಹೀರಿಕೊಂಡಿತ್ತು. ಕಾರನ್ನು ನೆರಳಿನಲ್ಲಿ ತಣಿಸಿ ತೊಳೆಯಿರಿ ಎಂದೆ.

ಇನ್ನು ರಿಪೇರಿ. ಇಂಜಿನ್ ನಿಲ್ಲಿಸಿ, ಲೈಟಿನ ಸ್ವಿಚ್ ಆರಿಸಿ. ಡಿಕ್ಕಿ ಬಾಗಿಲು ತೆರೆದರೆ ಹೆಚ್ಚಿನ ಕಾರುಗಳಲ್ಲಿ ದೀಪದ ಸ್ಕ್ರೂ ಅಥವಾ ನಟ್ಟುಗಳು ಕಾಣುತ್ತವೆ. ಬಿಚ್ಚಿ ನೇರವಾಗಿ ಹಿಂದಕ್ಕೆ ಎಳೆಯಬೇಕು. ತಿರುಚಿದರೆ ಪ್ಲಾಸ್ಟಿಕ್ ಗೂಟ ಮುರಿಯುತ್ತದೆ. ವೈರಿನ ಸಾಕೆಟ್ ಕಳಚಿ, ಬಲ್ಬುಗಳನ್ನು ಹೋಲ್ಡರ್ ಸಹಿತ ತೆಗೆದು, ತೂತುಗಳು ಕೆಳಗಿರುವಂತೆ ಇಳಿಬಿಸಿಲಿನಲ್ಲಿಡಿ. ಒಂದು ದಿನ ಬೇಕಾದೀತು. ಆತುರದಲ್ಲಿ ನಾನು ಮಾಡಿದಂತೆ ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ನಾವು ಗಾಜು ಎನ್ನುವುದು ಗಾಜಲ್ಲ, ಪ್ಲಾಸ್ಟಿಕ್. ಬೆಳಗಾಗುವಷ್ಟರಲ್ಲಿ ನನ್ನ ಎಡಗಡೆಯ ದೀಪ ಹಪ್ಪಳದಂತೆ ಸೊಟ್ಟಗಾಗಿ, ಹೊಸದಕ್ಕೆ ದುಡ್ಡು ತೆರಬೇಕಾಯಿತು.

ಸೋರುವ ಜಾಗ ಹುಡುಕುವುದು ಸೈಕಲ್ ಟ್ಯೂಬಿನ ಪಂಕ್ಚರ್ ನೋಡಿದಂತೆಯೇ. ಬಲ್ಬಿನ ತೂತುಗಳನ್ನೂ ಗಾಳಿಕಿಂಡಿಯನ್ನೂ ಟೇಪಿನಿಂದ ಮುಚ್ಚಿ, ತಣ್ಣಗಿರುವ ದೀಪವನ್ನು ಕೈ ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ ಮುಳುಗಿಸಿ. ಒಳಗಿನ ಗಾಳಿ ಹಿಗ್ಗಿ ಸೀಳಿನಿಂದ ಗುಳ್ಳೆ ಏಳುತ್ತದೆ. ಗುಳ್ಳೆ ನಿಲ್ಲುವ ಮೊದಲೇ ಹೊರತೆಗೆಯಬೇಕು, ತಡಮಾಡಿದರೆ ಅದೇ ಸೀಳು ನೀರು ಕುಡಿಯುತ್ತದೆ. ಜಾಗಕ್ಕೆ ಗುರುತು ಹಾಕಿ, ಮತ್ತೆ ಪೂರ್ತಿ ಒಣಗಿಸಿ. ಗುಳ್ಳೆಯೇ ಬಾರದಿದ್ದರೆ ಬಲ್ಬ್ ಹೋಲ್ಡರಿನ ರಬ್ಬರ್ ಉಂಗುರಗಳ ಮೇಲೆ ಅನುಮಾನಪಡಿ. ಬಿರುಸಾಗಿ ಬಿರುಕುಬಿಟ್ಟಿದ್ದರೆ ಬದಲಿಸಿ.

ಸೀಳನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು. ಪೆಟ್ರೋಲ್, ಥಿನ್ನರ್ ತಾಗಿಸಿದರೆ ಪ್ಲಾಸ್ಟಿಕ್ ನವಿರಾಗಿ ಬಿರಿಯುತ್ತದೆ. ಮೆತ್ತಲು 'ನ್ಯೂಟ್ರಲ್' ಎಂದು ಬರೆದ ಸಿಲಿಕೋನನ್ನೇ ಕೇಳಿ ತನ್ನಿ. ಹುಳಿ ವಾಸನೆ ಹೊಡೆಯುವ ಅಗ್ಗದ್ದು ಆಮ್ಲ ಬಿಡುತ್ತದೆ, ಹಿತ್ತಾಳೆ ತಾಮ್ರಗಳನ್ನು ತಿನ್ನುತ್ತದೆ. ಮೆತ್ತಿದ ಮೇಲೆ 24 ಗಂಟೆ ಮುಟ್ಟಬೇಡಿ. ಗಾಳಿಕಿಂಡಿಗೆ ಹಾಕಿದ ಟೇಪನ್ನು ಮರೆಯದೆ ಕೀಳಬೇಕು. ಸೋರುತ್ತದೆಂದು ಕಿಂಡಿಯನ್ನೂ ಸಿಲಿಕೋನಿನಿಂದ ಮುಚ್ಚಿಬಿಡುವವರಿದ್ದಾರೆ, ಆಮೇಲೆ ಒಳಗಿನ ತೇವ ಹೊರಬರಲು ದಾರಿಯೇ ಇರುವುದಿಲ್ಲ. ಹಳೆಯ ಜೀಪುಗಳ ದೀಪದ ತಳದಲ್ಲಿ ನೀರಿಳಿಯುವ ತೂತಿದ್ದು ಕೆಸರಿನಿಂದ ಕಟ್ಟಿದ್ದರೆ, ತಂತಿಯಿಂದ ಚುಚ್ಚಿ ಬಿಡಿಸಿ.

ಹಸಿರುಗಟ್ಟಿದ ಹೋಲ್ಡರನ್ನು ನಯವಾದ ಎಮೆರಿ ಕಾಗದದಿಂದ ಉಜ್ಜಿ, ತುಸು ವ್ಯಾಸಲೀನ್ ಸವರಿ. ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಿಣಮಿಣ ಅಂದರೆ ಅರ್ಥಿಂಗ್ ಸರಿಯಿಲ್ಲವೆಂದು ತಿಳಿಯಿರಿ. ದೇಹ ಮತ್ತು ದೀಪದ ನಡುವಿನ ಸ್ಪಂಜಿನ ಗ್ಯಾಸ್ಕೆಟ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿ, ನಟ್ಟುಗಳನ್ನು ಒಂದಾದಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಮಾಡಿ.

ಎಲ್‌ಇಡಿ ದೀಪಗಳು ಹೆಚ್ಚು ಕಾಯುವುದಿಲ್ಲವಾದ್ದರಿಂದ ಅವುಗಳಲ್ಲಿ ಮಂಜು ಆರಲು ತಡವಾಗುತ್ತದೆ. ಅವನ್ನು ನೀರಿನಲ್ಲಿ ಮುಳುಗಿಸಬಾರದು. ವಾರಂಟಿ ಇದ್ದಲ್ಲಿ ಬಿಚ್ಚದೆ ಮಾರಿದವರ ಬಳಿಗೇ ಒಯ್ಯಿರಿ. ನಾನು ಈ ಕೆಲಸ ಮಾಡಿದ್ದು ಶ್ರಾವಣದಲ್ಲಿ, ಒಣಗಿಸಲು ಬಿಸಿಲು ಸಿಗದೆ ಐದು ದಿನ ಹಿಡಿಯಿತು. ನೀವು ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ.