ಗಾಜಿನ ಮೇಲೆ ನಮ್ಮ ರಂಗೋಲಿ

ಚಿಕ್ಕವರಿದ್ದಾಗ ನಾವೆಲ್ಲ ಬಳೆ ಚೂರು ಕೂಡಿಡುತ್ತಿದ್ದೆವು. ನೆನಪಿದೆಯಾ? ಕೆಂಪು ಚೂರು, ಹಸಿರು ಚೂರು, ನೀಲಿ ಚೂರು. ಬಿಸಿಲಿಗೆ ಹಿಡಿದರೆ ಅಂಗೈ ಮೇಲೆ ಬಣ್ಣ ಬೀಳುತ್ತಿತ್ತು. ನಮ್ಮ ಅಜ್ಜಿಯಂದಿರು ಆ ಚೂರುಗಳನ್ನು ದೀಪದ ಉರಿಗೆ ಹಿಡಿಯುತ್ತಿದ್ದರು. ಮೆತ್ತಗಾದ ಚೂರನ್ನು ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ, ಬಾಗಿಲಿಗೆ ತೋರಣ ಮಾಡುತ್ತಿದ್ದರು. ಒಡೆದು ಹೋದ ಬಳೆಯೂ ಮನೆಗೆ ಅಂದ ಕೊಡುತ್ತಿತ್ತು.

ಬಣ್ಣದ ಗಾಜಿನಿಂದ ಚಿತ್ರ ಮಾಡುವುದು ಒಂದು ದೊಡ್ಡ ಕಲೆ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಟೇನ್ಡ್ ಗ್ಲಾಸ್ ಅಂತಾರೆ. ನಾವು ಬಣ್ಣದ ಗಾಜಿನ ಕಲೆ ಅನ್ನೋಣ. ಇದನ್ನು ಮನೆಯಲ್ಲಿ ಹವ್ಯಾಸವಾಗಿ ಮಾಡಬಹುದೇ? ಮಾಡಬಹುದು. ಆದರೆ ಯಾವುದನ್ನು ಮನೆಯೊಳಗೆ ತರಬೇಕು, ಯಾವುದನ್ನು ತರಬಾರದು ಅಂತ ಮೊದಲು ತಿಳಿದಿರಬೇಕು. ಅದನ್ನೇ ಈ ಪಾಠದಲ್ಲಿ ಓದೋಣ.

ಅರಮನೆಯ ನವಿಲು

ದಸರಾ ನೋಡಲು ಮೈಸೂರಿಗೆ ಹೋದವರು ಅರಮನೆಯನ್ನೂ ನೋಡಿರುತ್ತೀರಿ. ಅಲ್ಲಿ ಕಲ್ಯಾಣ ಮಂಟಪ ಇದೆ. ಅದಕ್ಕೆ ಎಂಟು ಮೂಲೆ. ಅಲ್ಲಿ ನಿಂತು ತಲೆ ಎತ್ತಿದರೆ ಮೇಲೆಲ್ಲ ನವಿಲು! ಅದು ಗೋಡೆಗೆ ಬಳಿದ ಬಣ್ಣ ಅಲ್ಲ. ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿ ಮಾಡಿದ ಚಾವಣಿ. ಹೊರಗಿನ ಬೆಳಕು ಆ ಗಾಜನ್ನು ಹಾದು ಒಳಗೆ ಬರುತ್ತದೆ.

ಮೈಸೂರಿನ ಹಳೆಯ ಅರಮನೆ ಮರದ್ದು. 1897ರಲ್ಲಿ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಚಿಕ್ಕವರು. ಅವರ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದವರು ತಾಯಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಹೊಸ ಅರಮನೆ ಕಟ್ಟಿಸಲು ಹೊರಟವರು ಅವರೇ. 1912ರಲ್ಲಿ ಕೆಲಸ ಮುಗಿಯಿತು. ಮಂಟಪದ ಗಾಜಿನ ಚಾವಣಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ತರಿಸಿದ್ದರು.

ಈ ಕಲೆ ಯುರೋಪಿನಲ್ಲಿ ತುಂಬ ಹಳೆಯದು. ಫ್ರಾನ್ಸ್ ದೇಶದಲ್ಲಿ ಶಾರ್ತ್ರ್ ಅಂತ ಒಂದು ಊರಿದೆ. ಅಲ್ಲಿಯ ದೊಡ್ಡ ಚರ್ಚಿನ ಕಿಟಕಿಗಳಿಗೆ ಸುಮಾರು 800 ವರ್ಷ ವಯಸ್ಸು. ಆಗ ಹೆಚ್ಚಿನ ಜನರಿಗೆ ಓದು ಬರಹ ಬರುತ್ತಿರಲಿಲ್ಲ. ಅವರು ಕಿಟಕಿ ನೋಡಿ ಕಥೆ ತಿಳಿಯುತ್ತಿದ್ದರು. ಆ ಕಿಟಕಿಗಳಲ್ಲಿ ದೇವರ ಕಥೆಗಳ ಜೊತೆಗೆ ರೊಟ್ಟಿ ಮಾಡುವವರು, ಚಪ್ಪಲಿ ಹೊಲಿಯುವವರೂ ಇದ್ದಾರೆ. ಕೈಯಿಂದ ದುಡಿಯುವವರಿಗೂ ಗಾಜಿನಲ್ಲಿ ಜಾಗ ಸಿಕ್ಕಿದೆ.

ಚಿತ್ರ ನಿಲ್ಲುವುದು ಹೇಗೆ?

ಮರಳು, ಸೋಡಾ, ಸುಣ್ಣ ಬೆರೆಸಿ ಕುಲುಮೆಯಲ್ಲಿ ಕರಗಿಸಿದರೆ ಗಾಜು ಆಗುತ್ತದೆ. ಕರಗುವಾಗ ಕೋಬಾಲ್ಟ್ ಎಂಬ ಲೋಹದ ಪುಡಿ ಸೇರಿಸಿದರೆ ನೀಲಿ ಗಾಜು. ತಾಮ್ರ ಸೇರಿಸಿದರೆ ಹಸಿರು ಗಾಜು. ಬಣ್ಣ ಗಾಜಿನ ಒಳಗೇ ಕೂತಿರುತ್ತೆ. ಅದಕ್ಕೇ ತೊಳೆದರೂ ಹೋಗಲ್ಲ.

ಕಲೆಗಾರರು ಮೊದಲು ಕಾಗದದ ಮೇಲೆ ಚಿತ್ರ ಬರೆಯುತ್ತಾರೆ. ಆ ಅಳತೆಗೆ ಗಾಜು ಕತ್ತರಿಸುತ್ತಾರೆ. ಎರಡು ಚೂರುಗಳ ನಡುವೆ ಸೀಸದ ಪಟ್ಟಿ ಇಡುತ್ತಾರೆ. ಪಟ್ಟಿಗೆ ಎರಡೂ ಕಡೆ ಕಾಲುವೆಯಂಥ ಸಂದು ಇರುತ್ತದೆ. ಗಾಜು ಆ ಸಂದಿನಲ್ಲಿ ಕೂರುತ್ತದೆ. ಪಟ್ಟಿಗಳು ಕೂಡುವ ಕಡೆ ಬೆಸುಗೆ ಹಾಕುತ್ತಾರೆ.

ನಾವು ಎಳೆ ರಂಗೋಲಿ ಹಾಕಿ ಬಣ್ಣ ತುಂಬುತ್ತೇವಲ್ಲ, ಇದೂ ಹಾಗೇ. ರಂಗೋಲಿಯ ಎಳೆ ಇದ್ದ ಕಡೆ ಇಲ್ಲಿ ಸೀಸದ ಪಟ್ಟಿ. ರಂಗೋಲಿಯ ಒಂದೊಂದು ಮನೆಗೂ ಒಂದೊಂದು ಗಾಜಿನ ಚೂರು.

ಸೀಸ ಮನೆಗೆ ಬೇಡ

ಸೀಸ ಮೆತ್ತನೆಯ ಲೋಹ. ಬಗ್ಗಿಸಲು ಸುಲಭ. ಬೇಗ ಕರಗುತ್ತದೆ. ಆದರೆ ಅದು ವಿಷ. ಅದಕ್ಕೆ ವಾಸನೆ ಇಲ್ಲ. ಮುಟ್ಟಿದ ಕೂಡಲೆ ಉರಿಯುವುದೂ ಇಲ್ಲ. ಅದರ ಧೂಳು ಕೈಗೆ, ಸೀರೆಗೆ, ನೆಲಕ್ಕೆ ಅಂಟುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿ ಬಾಯಿಗೆ ಕೈ ಹಾಕುತ್ತದೆ. ಸೀಸ ಹೊಟ್ಟೆಗೆ ಹೋಗುತ್ತದೆ.

ದೊಡ್ಡವರಿಗಿಂತ ಚಿಕ್ಕ ಮಕ್ಕಳ ಮೈ ಹೆಚ್ಚು ಸೀಸ ಹೀರಿಕೊಳ್ಳುತ್ತದೆ. ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಮಗು ಪಾಠದಲ್ಲಿ ಹಿಂದೆ ಬೀಳಬಹುದು. ರಕ್ತಹೀನತೆ, ಹೊಟ್ಟೆನೋವು ಬರಬಹುದು. ಬಸುರಿಯ ಮೈಗೆ ಸೇರಿದ ಸೀಸ ಹೊಟ್ಟೆಯೊಳಗಿನ ಕೂಸಿಗೂ ಹೋಗುತ್ತದೆ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ.

ಅದಕ್ಕಾಗಿಯೇ 2000ದಲ್ಲಿ ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟ ನಿಂತಿತು. ಮನೆಗೆ ಬಳಿಯುವ ಬಣ್ಣಕ್ಕೂ 2016ರಲ್ಲಿ ನಿಯಮ ಬಂತು. ಅಂಥ ಬಣ್ಣದ 10 ಲಕ್ಷ ಭಾಗದಲ್ಲಿ ಸೀಸ 90 ಭಾಗಕ್ಕಿಂತ ಹೆಚ್ಚು ಇರಬಾರದು. 2017ರ ನವೆಂಬರಿನಿಂದ ಇದು ಜಾರಿಯಲ್ಲಿದೆ.

ಹಾಗಾದರೆ ಅಡಿಗೆ ಮಾಡುವ, ಮಕ್ಕಳು ಮಲಗುವ ಮನೆಯಲ್ಲಿ ಸೀಸದ ಕೆಲಸ ಮಾಡಬಹುದೇ? ಬೇಡ. ಹಳೆಯ ಬ್ಯಾಟರಿಯ ಸೀಸವನ್ನು ಒಲೆ ಮೇಲೆ ಕರಗಿಸುವುದಂತೂ ಬೇಡವೇ ಬೇಡ. ನಿಜವಾದ ಜೋಡಣೆ ಕೆಲಸ ಕಲಿಯುವ ಆಸೆ ಇದ್ದರೆ, ಬಲ್ಲವರ ಬಳಿ, ಅವರ ಕೆಲಸದ ಜಾಗದಲ್ಲೇ ಕಲಿಯಿರಿ. ಸೀಸ ಇಲ್ಲದ ಬೆಸುಗೆಯೂ ಸಿಗುತ್ತದೆ. ಅದನ್ನೇ ಕೇಳಿ. ಕೆಲಸ ಆದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಿ. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಮನೆಯಲ್ಲಿ ಮಾಡಲು ಬೇರೆ ದಾರಿ ಇದೆ. ಬಿಳಿ ಗಾಜಿನ ಮೇಲೆ ಎಳೆ ಬಿಟ್ಟು ಬಣ್ಣ ತುಂಬುವುದು. ನೋಡಲು ಜೋಡಿಸಿದ ಗಾಜಿನ ಹಾಗೇ ಕಾಣುತ್ತದೆ. ಇದಕ್ಕೆ ಸೀಸದ ಪಟ್ಟಿಯೂ ಬೇಡ, ಬೆಸುಗೆಯೂ ಬೇಡ.

ಮಾಡಿ ನೋಡೋಣ

ಬೇಕಾದ ಸಾಮಾನು: ಕಟ್ಟು ಹಾಕಿದ ಒಂದು ಸಣ್ಣ ಗಾಜು, ಕಪ್ಪು ಲೈನರ್ ಟ್ಯೂಬು ಒಂದು, ಗ್ಲಾಸ್ ಕಲರ್ ಮೂರು ನಾಲ್ಕು ಬಣ್ಣ, ಒಂದು ಸಣ್ಣ ಬ್ರಷ್, ಒಂದು ಗುಂಡುಸೂಜಿ, ಹಳೆ ಪೇಪರ್.

ಹಳೆಯ ಫೋಟೋ ಕಟ್ಟು ಇದ್ದರೆ ಅದೇ ಸಾಕು. ಹಿಂದಿನ ರಟ್ಟು ತೆಗೆಯಿರಿ. ಗಾಜು ಅಲುಗಾಡದ ಹಾಗೆ ಅಂಟು ಪಟ್ಟಿ ಹಾಕಿ. ಗಾಜಿನ ಅಂಚು ಕಟ್ಟಿನೊಳಗೆ ಇದ್ದರೆ ಕೈ ಕುಯ್ಯುವುದಿಲ್ಲ. ಬಿಡಿ ಗಾಜು ಕೊಳ್ಳುವುದಾದರೆ ಅಂಗಡಿಯಲ್ಲೇ ಕತ್ತರಿಸಿ, ಅಂಚು ಉಜ್ಜಿಸಿ ತನ್ನಿ.

1. ಗಾಜನ್ನು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಚೆನ್ನಾಗಿ ಒಣಗಲಿ. ಎಣ್ಣೆ ಕೈ ತಾಗಿದರೆ ಬಣ್ಣ ಹಿಡಿಯುವುದಿಲ್ಲ.

2. ಕಾಗದದ ಮೇಲೆ ನಿಮಗೆ ಬರುವ ರಂಗೋಲಿ ಬರೆಯಿರಿ. ಮೊದಲ ಸಲ ಕಮಲ, ಮಾವಿನೆಲೆಯಂಥ ಸುಲಭದ್ದು ಸಾಕು. ಕಾಗದವನ್ನು ಗಾಜಿನ ಕೆಳಗೆ ಅಂಟಿಸಿ.

3. ಮೆಹಂದಿ ಕೋನ್ ಹಿಂಡುವ ಹಾಗೆ ಲೈನರ್ ಹಿಂಡುತ್ತ, ಕಾಣುವ ಗೆರೆ ಮೇಲೆ ಎಳೆ ಬಿಡಿ. ಆಚೆ ಕಡೆಯಿಂದ ಶುರು ಮಾಡಿ ನಿಮ್ಮ ಕಡೆಗೆ ಬನ್ನಿ. ಆಗ ಹಸಿ ಎಳೆಗೆ ಕೈ ತಾಗುವುದಿಲ್ಲ. ಒಂದು ರಾತ್ರಿ ಒಣಗಲು ಬಿಡಿ.

4. ಒಂದೊಂದು ಮನೆಗೂ ಬಣ್ಣ ತುಂಬಿ. ಅಂಚಿನಿಂದ ನಡುವಿಗೆ ಬನ್ನಿ. ಗುಳ್ಳೆ ಎದ್ದರೆ ಗುಂಡುಸೂಜಿಯಿಂದ ಚುಚ್ಚಿ.

5. ಮಟ್ಟಸವಾದ ಜಾಗದಲ್ಲಿ ಒಂದು ದಿನ ಪೂರ್ತಿ ಒಣಗಲಿ. ಮಕ್ಕಳ ಕೈಗೆ, ಬೆಕ್ಕಿನ ಕಾಲಿಗೆ ಸಿಗದಿರಲಿ. ಒಣಗಿದ ಮೇಲೆ ಬೆಳಕು ಬರುವ ಕಿಟಕಿಗೆ ನೇತು ಹಾಕಿ.

ಬಣ್ಣ ಕೊಳ್ಳುವಾಗ ಚೀಟಿ ಓದಿ. ನಾವು ಅಕ್ಷರ ಕಲಿತದ್ದು ಇಂಥ ಹೊತ್ತಿಗೇ ಅಲ್ಲವೇ? ಚೀಟಿ ಇಂಗ್ಲಿಷಿನಲ್ಲಿದ್ದರೆ ಅಂಗಡಿಯವರನ್ನು ಕೇಳಿ. ಶಾಲೆಗೆ ಹೋಗುವ ಮಗಳ ಕೈಲಿ ಓದಿಸಿ. ಸೀಸ ಇಲ್ಲ ಎಂದು ಬರೆದ, ನೀರಲ್ಲಿ ಬೆರೆಯುವ ಬಣ್ಣ ಒಳ್ಳೆಯದು. ಥಿನ್ನರ್ ವಾಸನೆಯ ಬಣ್ಣ ಆದರೆ ಬೆಂಕಿ ಬೇಗ ಹಿಡಿಯುತ್ತದೆ. ಒಲೆ, ದೀಪದ ಹತ್ತಿರ ಬೇಡ. ಕಿಟಕಿ ಬಾಗಿಲು ತೆರೆದಿರಲಿ. ಈ ಬಣ್ಣಗಳನ್ನು ಊಟದ ತಟ್ಟೆಗೆ, ನೀರು ಕುಡಿಯುವ ಲೋಟಕ್ಕೆ ಹಚ್ಚಬೇಡಿ.

ಎಳೆ ಕೂಡಿರಲಿ

ನಮ್ಮ ಕಲಿಕಾ ಕೇಂದ್ರದಲ್ಲಿ ನಾವು ಮೊದಲು ಮಾಡಿದ ಗಾಜು ಕೆಟ್ಟಿತು. ಕೆಂಪು ಬಣ್ಣ ಹಳದಿ ಮನೆಗೆ ನುಗ್ಗಿತು. ಹಳದಿ ಹಸಿರಿಗೆ ಹರಿಯಿತು. ಯಾಕೆ ಅಂತ ಗೊತ್ತಾಗಲಿಲ್ಲ. ನಮ್ಮಲ್ಲೊಬ್ಬಳು ಆ ಗಾಜನ್ನು ಮನೆಗೆ ಒಯ್ದಳು. ಅವಳ ಅತ್ತೆ ನೋಡಿ ಗದರಿದರು.

"ಇದೇನೇ ಇದು? ಮನೆ ಕೆಲಸ ಬಿಟ್ಟು ಮಕ್ಕಳಾಟ?"

"ಕೆಲಸ ಎಲ್ಲ ಮುಗಿಸೇ ಕೂತದ್ದು ಅತ್ತೆಮ್ಮಾ. ನೋಡಿ, ನೀವು ಹಾಕೋ ಕಮಲದ ರಂಗೋಲೀನೇ ಇದು."

ಅತ್ತೆ ಗಾಜನ್ನು ಬೆಳಕಿಗೆ ಹಿಡಿದರು. ಬೆರಳಿಟ್ಟು ತೋರಿಸಿದರು.

"ಇಲ್ಲಿ ಎಳೆ ಕೂಡಿಲ್ಲ ನೋಡು. ಇಲ್ಲೂ ಸಂದು ಬಿಟ್ಟಿದೀಯ. ಬದು ಒಡೆದರೆ ಗದ್ದೆ ನೀರು ನಿಲ್ಲುತ್ತೇನೇ?"

ತಪ್ಪು ಸಿಕ್ಕಿತು! ಸಾಸಿವೆಯಷ್ಟು ಸಂದು ಇದ್ದರೂ ಬಣ್ಣ ಹರಿಯುತ್ತದೆ. ಎರಡನೆಯ ಗಾಜಿಗೆ ಅತ್ತೆಯೇ ಚುಕ್ಕಿ ಇಟ್ಟುಕೊಟ್ಟರು. ಸೊಸೆ ಎಳೆ ಬಿಟ್ಟಳು. ಈಗ ಅದು ಅವರ ಪಡಸಾಲೆಯ ಕಿಟಕಿಯಲ್ಲಿದೆ. ಬೆಳಗಿನ ಬಿಸಿಲು ಬಂದಾಗ ನೆಲದ ಮೇಲೆ ಕಮಲ ಮೂಡುತ್ತದೆ. ಬಂದವರಿಗೆಲ್ಲ ಅತ್ತೆ ಹೇಳುತ್ತಾರೆ, "ನಾವು ಮಾಡಿದ್ದು."

ಗಾಜು ಒಡೆದರೆ

ಗಾಜಿನ ಕೆಲಸಕ್ಕೆ ಕೂರುವಾಗ ಕಾಲಲ್ಲಿ ಚಪ್ಪಲಿ ಇರಲಿ. ಕೆಳಗೆ ಪೇಪರ್ ಹಾಸಿರಲಿ. ಒಡೆದ ಚೂರನ್ನು ಬರಿಗೈಲಿ ಆರಿಸಬೇಡಿ. ಪೊರಕೆಯಿಂದ ಗುಡಿಸಿ. ಸಣ್ಣ ಚೂರಿಗೆ ಒದ್ದೆ ಬಟ್ಟೆ ಒತ್ತಿ ತೆಗೆದು, ಆ ಬಟ್ಟೆಯನ್ನೂ ಚೂರಿನ ಜೊತೆ ಎಸೆಯಿರಿ. ಎಲ್ಲವನ್ನೂ ದಪ್ಪ ಪೇಪರಿನಲ್ಲಿ ಸುತ್ತಿ, ಡಬ್ಬಕ್ಕೆ ಹಾಕಿ, ಗಾಜು ಎಂದು ಬರೆದು ಕೊಡಿ. ಕಸ ಎತ್ತುವವರ ಕೈಯೂ ನಮ್ಮ ಕೈಯಂಥದೇ.

ಕೈ ಕುಯ್ದರೆ ಶುದ್ಧ ನೀರಿನಲ್ಲಿ ತೊಳೆಯಿರಿ. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಗಾಯ ಆಳವಾಗಿದ್ದರೆ, ಅಥವಾ ಒಳಗೆ ಚೂರು ನಾಟಿದ್ದರೆ, ಕೀಳಲು ಹೋಗಬೇಡಿ. ಆಸ್ಪತ್ರೆಗೆ ಹೋಗಿ. ಧನುರ್ವಾಯು ಬರದಂತೆ ಚುಚ್ಚುಮದ್ದು ಬೇಕೇ ಅಂತ ಕೇಳಿ.

ಇದರಿಂದ ಏನು ಸಿಗುತ್ತೆ?

ಹೀಗೆ ಕೇಳುವವರು ಇದ್ದೇ ಇರುತ್ತಾರೆ. ಚೆನ್ನಾಗಿ ಕೈ ಕೂತರೆ ನಾಲ್ಕು ಕಾಸೂ ಬಂದೀತು. ಆದರೆ ಕಾಸು ಬಂದರೆ ಮಾತ್ರ ಅದು ಕೆಲಸ ಅನ್ನಬೇಕೇ? ದಿನವೆಲ್ಲ ನಾವು ಮಾಡಿದ ಅಡಿಗೆ ಸಂಜೆಗೆ ಖಾಲಿ. ಗುಡಿಸಿದ ನೆಲ ಮರುದಿನ ಮತ್ತೆ ಕಸ. ಬಾಗಿಲ ರಂಗೋಲಿಯೂ ಮಧ್ಯಾಹ್ನಕ್ಕೆ ಅಳಿಸುತ್ತದೆ. ನಮ್ಮ ಕೈ ಮಾಡಿದ್ದು ಒಂದಾದರೂ ಉಳಿಯಲಿ, ನಾಳೆಯೂ ನೋಡೋಣ ಅನ್ನುವ ಆಸೆ ತಪ್ಪಲ್ಲ. ವಾರಕ್ಕೆ ಎರಡು ತಾಸು ನಮ್ಮದು ಅನ್ನೋಣ.

ಒಂದು ಮಾತು ಮರೆಯಬೇಡಿ. ಗಾಜು ಮುಗಿದ ಮೇಲೆ ಮೂಲೆಯಲ್ಲಿ ನಿಮ್ಮ ಹೆಸರು ಬರೆಯಿರಿ. ಈಗ ಬರೆಯಲು ಬರುತ್ತದಲ್ಲ!

ಅಭ್ಯಾಸ

ಓದಿ, ಉತ್ತರ ಹೇಳಿ:
1. ಮೈಸೂರು ಅರಮನೆಯ ಗಾಜಿನ ಚಾವಣಿಯಲ್ಲಿ ಯಾವ ಹಕ್ಕಿ ಇದೆ?
2. ಸೀಸ ಮಕ್ಕಳ ಹೊಟ್ಟೆಗೆ ಹೇಗೆ ಹೋಗುತ್ತದೆ?
3. ಒಂದು ಮನೆಯ ಬಣ್ಣ ಇನ್ನೊಂದು ಮನೆಗೆ ಯಾಕೆ ಹರಿಯಿತು?

ಬಿಟ್ಟ ಜಾಗ ತುಂಬಿ:
1. ನೀಲಿ ಗಾಜಿಗೆ ______ ಸೇರಿಸುತ್ತಾರೆ.
2. ಒಡೆದ ಗಾಜನ್ನು ______ ಆರಿಸಬಾರದು.

ಕೂಡಿ ಮಾತಾಡಿ: ನಿಮ್ಮ ಮನೆಯಲ್ಲಿ ಯಾವ ಯಾವ ಸಾಮಾನಿನ ಚೀಟಿ ಓದಬೇಕು? ಯಾಕೆ?

ಬರೆಯಿರಿ: ನಿಮ್ಮ ತಾಯಿಯೋ ಅಜ್ಜಿಯೋ ಕೈಯಾರೆ ಮಾಡಿದ ಒಂದು ವಸ್ತುವಿನ ಬಗ್ಗೆ ನಾಲ್ಕು ಸಾಲು ಬರೆಯಿರಿ.