ನೀರಿಗೆ ದಾರಿ ಬಿಡಿ: ಪುಟ್ಟ ಬಾತ್‌ರೂಮನ್ನು ಕಡಿಮೆ ಖರ್ಚಿನಲ್ಲಿ ನಾವೇ ಸರಿಮಾಡೋದು

ವಿಜ್ಞಾನದ ಪಾಡ್‌ಕಾಸ್ಟ್‌ನಲ್ಲಿ ಬಾತ್‌ರೂಮ್ ರಿಪೇರಿ ಯಾಕಪ್ಪಾ ಅಂತ ನಿಮಗೆ ಅನ್ನಿಸಬಹುದು. ನನ್ನ ಕಸುಬು ಜೀವಶಾಸ್ತ್ರದ ಸಂಶೋಧನೆ, ಗಾರೆ ಕೆಲಸ ಅಲ್ಲ. ಆದ್ರೆ ಕಳೆದ ವರ್ಷ ನ್ಯೂಜೆರ್ಸಿಯ ಎಡಿಸನ್‌ನಲ್ಲಿರೋ ನಮ್ಮ ಮನೆಯ ಬಾತ್‌ರೂಮನ್ನು ನಾವೇ ಒಡೆದು ಕಟ್ಟಿದಾಗ ಒಂದು ವಿಷಯ ಗೊತ್ತಾಯ್ತು. ಈ 5 ಅಡಿ ಅಗಲ, 8 ಅಡಿ ಉದ್ದದ ಕೋಣೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇವೆ, ಮತ್ತು ನಾನು ಮೂರರಲ್ಲೂ ತಪ್ಪು ಮಾಡಿದ್ದೆ.

ನಮ್ಮದು 1950ರ ದಶಕದ ಮನೆ. ಟಬ್‌ನ ಮೇಲಿನ ಗೋಡೆಯಲ್ಲಿ, ಟೈಲ್‌ಗಳ ಸಂದಿನಲ್ಲಿ ಕಪ್ಪು ಕಲೆ ಬರ್ತಾ ಇತ್ತು. ನಾನು ತಿಂಗಳಿಗೊಮ್ಮೆ ಬ್ಲೀಚ್ ಹೊಡೀತಿದ್ದೆ. ಕಲೆ ಹೋಗೋದು, ಮೂರು ವಾರಕ್ಕೆ ಮತ್ತೆ ಹಾಜರ್. ಅಷ್ಟರಲ್ಲಿ ಊರಿಂದ ಅಮ್ಮ ಆರು ತಿಂಗಳಿಗೆ ಅಂತ ಬಂದ್ರು. ಸಾಗರದ ಕಡೆಯವರು, ಬಕೆಟ್ಟು ಚೊಂಬು ಇಲ್ಲದೆ ಅವರಿಗೆ ಸ್ನಾನ ಆಗೋದಿಲ್ಲ. ಮೂರನೇ ದಿನ ಕೆಳಗಿನ ಅಡುಗೆಮನೆಯ ಸೀಲಿಂಗ್‌ನಲ್ಲಿ ಕಂದು ಬಣ್ಣದ ವೃತ್ತ. ಅಮ್ಮನಿಗೆ ತೋರಿಸಿದಾಗ ಅವರು ಹೇಳಿದ್ದು: "ನೀರು ಹೋಗೋಕೆ ದಾರೀನೇ ಇಲ್ಲ, ಇದೆಂಥ ಬಚ್ಚಲು?"

ಇವತ್ತಿನ ಪಾಠ ಇಡೀ ಆ ಪ್ರಶ್ನೆಯಲ್ಲೇ ಇದೆ.

ನಮ್ಮೂರಿನ ಹಳೆಯ ಬಚ್ಚಲಮನೆಯನ್ನು ನೆನಪಿಸಿಕೊಳ್ಳಿ. ಕಲ್ಲು ಚಪ್ಪಡಿಯ ನೆಲ, ಒಂದು ಮೂಲೆಗೆ ಇಳಿಜಾರು, ಗೋಡೆಯ ಬುಡದಲ್ಲಿ ತೂತು, ಅದರಾಚೆ ಬಸಳೆಯೋ ಬಾಳೆಯೋ. ಹಂಡೆಯ ಕೆಳಗೆ ದಿನಾ ಬೆಂಕಿ. ಕಲ್ಲನ್ನು ತಿನ್ನುವ ಬೂಷ್ಟು ಇಲ್ಲ. ಚೆಲ್ಲಿದ ನೀರು ಹೊರಗೆ ಹೋಗುತ್ತೆ, ಉಳಿದ ತೇವ ಒಲೆಯ ಬಿಸಿಗೆ ಆರುತ್ತೆ.

ಅಮೆರಿಕದ ಬಾತ್‌ರೂಮ್ ಇದಕ್ಕೆ ತದ್ವಿರುದ್ಧ. ಒಳಗಿನ ಚೌಕಟ್ಟು ಮರದ್ದು. ಅದಕ್ಕೆ ಹೊಡೆದಿರೋ ಡ್ರೈವಾಲ್ ಅಂದ್ರೆ ಎರಡು ಕಾಗದದ ಹಾಳೆಗಳ ನಡುವೆ ಜಿಪ್ಸಮ್. ಟಬ್‌ನ ಹೊರಗಿನ ನೆಲದಲ್ಲಿ ಸಾಮಾನ್ಯವಾಗಿ ನೀರು ಹೋಗೋ ತೂತೇ ಇರೋದಿಲ್ಲ. ಮರ ಮತ್ತು ಕಾಗದ ಎರಡರಲ್ಲೂ ಸೆಲ್ಯುಲೋಸ್ ಇದೆ, ಶಿಲೀಂಧ್ರಗಳಿಗೆ ಅದು ಊಟ. ಅವುಗಳ ಬೀಜಕಣಗಳು ನಿಮ್ಮ ಮನೆಯ ಗಾಳಿಯಲ್ಲಿ ಈಗಲೂ ಇವೆ, ಅವನ್ನು ಪೂರ್ತಿ ಓಡಿಸೋಕೆ ಆಗೋದಿಲ್ಲ. ಊಟ ರೆಡಿ, ಬೀಜ ರೆಡಿ. ಬಾಕಿ ಇರೋದು ನೀರು ಮಾತ್ರ. ಅದಕ್ಕೇ ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಅಂದ್ರೆ ಇಪಿಎ, ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿ ಅನ್ನುತ್ತೆ. ಬೂಷ್ಟು ತೆಗೆಯೋಕೆ ಬ್ಲೀಚನ್ನು ರೂಢಿಯಾಗಿ ಬಳಸೋದನ್ನು ಅದು ಶಿಫಾರಸು ಮಾಡೋದಿಲ್ಲ. ಸತ್ತ ಬೂಷ್ಟಿನ ಚೂರುಗಳೂ ಅಲರ್ಜಿ ತರುತ್ತವೆ, ಮತ್ತು ನೀರು ಬರ್ತಾ ಇದ್ರೆ ಹೊಸದು ಬೆಳೆಯುತ್ತೆ. ನಾನು ಮಾಡ್ತಾ ಇದ್ದದ್ದು ಕಲೆಗೆ ಚಿಕಿತ್ಸೆ, ಕಾರಣಕ್ಕಲ್ಲ.

ಹಾಗಾದ್ರೆ ಟೈಲ್ ನೀರನ್ನು ತಡೆಯೋದಿಲ್ವಾ? ಟೈಲ್ ತಡೆಯುತ್ತೆ, ಆದ್ರೆ ಟೈಲ್‌ಗಳ ನಡುವೆ ತುಂಬೋ ಗ್ರೌಟ್ ತಡೆಯೋದಿಲ್ಲ. ಮಣ್ಣಿನ ಮಡಕೆ ಹೊರಗೆ ಬೆವರೋದನ್ನು ನೋಡಿದ್ದೀರಲ್ಲ? ಸಿಮೆಂಟಿನ ಗ್ರೌಟ್‌ನಲ್ಲೂ ಹಾಗೇ ಸಣ್ಣ ಸಣ್ಣ ರಂಧ್ರಗಳಿವೆ, ನೀರು ಅವುಗಳ ಮೂಲಕ ಹಿಂದಕ್ಕೆ ಜಿನುಗುತ್ತೆ. ನಮ್ಮ ಗೋಡೆ ಬಿಚ್ಚಿದಾಗ ಒಳಗೆ ಇದ್ದದ್ದು ಸಾಮಾನ್ಯ ಡ್ರೈವಾಲ್. ಅದರ ಕಾಗದ ಕಪ್ಪಗೆ ಮೆತ್ತಗಾಗಿತ್ತು, ಮರದ ಒಂದು ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಬೆಣ್ಣೆಯಲ್ಲಿ ಇಳಿದ ಹಾಗೆ ಇಳೀತು.

ಆದ್ರೆ ಬಿಚ್ಚೋದಕ್ಕೂ ಮುಂಚಿನ ಒಂದು ಮಾತು ಇದೆ, ಇದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ಕಿಟಕಿಯ ಚೌಕಟ್ಟಿನ ಹಳೆಯ ಬಣ್ಣವನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಕು ಅಂತ ನಾನು ಒಂದು ಶನಿವಾರ ಕೂತೆ. ಎರಡು ವರ್ಷದ ಮಗಳು ಬಾಗಿಲಲ್ಲಿ ಆಡ್ತಾ ಇದ್ಲು. ಆಗ ಹೊಳೀತು: ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧ ಆದದ್ದು 1978ರಲ್ಲಿ. ನ್ಯೂಯಾರ್ಕ್ ನಗರದಲ್ಲಿ 1960ರಲ್ಲೇ. ನಮ್ಮ ಮನೆ ಎರಡಕ್ಕಿಂತಲೂ ಹಳೇದು. ಕೈ ನಿಲ್ಲಿಸಿ ಬಣ್ಣದ ಒಂದು ಚಕ್ಕೆಯನ್ನು ಲ್ಯಾಬ್‌ಗೆ ಕಳಿಸಿದೆ. ಸೀಸ ಇತ್ತು.

ಸೀಸದ ಅಪಾಯ ಏನು ಅಂದ್ರೆ, ನಮ್ಮ ದೇಹ ಅದನ್ನು ಕ್ಯಾಲ್ಸಿಯಂ ಅಂತ ತಪ್ಪು ತಿಳಿಯುತ್ತೆ. ಕ್ಯಾಲ್ಸಿಯಂ ಹೋಗುವ ದಾರಿಗಳಲ್ಲೇ ಅದು ಮೂಳೆಗೂ ಬೆಳೆಯುತ್ತಿರುವ ಮಿದುಳಿಗೂ ಹೋಗುತ್ತೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟ ಯಾವುದೂ ಸಿಕ್ಕಿಲ್ಲ. ಉಜ್ಜಿದಾಗ ಏಳುವ ಧೂಳು ನೆಲಕ್ಕೆ, ನೆಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಹಾಗಾಗಿ ನಾನು ಉಜ್ಜಲಿಲ್ಲ. ಮಗಳನ್ನೂ ಅಮ್ಮನನ್ನೂ ಸ್ನೇಹಿತರ ಮನೆಗೆ ಕಳಿಸಿ, ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮರಕ್ಕೆ ನೀರು ಚಿಮುಕಿಸಿ, ಚೌಕಟ್ಟನ್ನು ಇಡಿಯಾಗಿ ಕಿತ್ತು ಸುತ್ತಿಟ್ಟೆ. ಆಮೇಲೆ ಹೆಪಾ ಫಿಲ್ಟರ್ ಇರೋ ವ್ಯಾಕ್ಯೂಮ್ ಹಾಕಿ, ಒದ್ದೆ ಬಟ್ಟೆಯಿಂದ ಎಲ್ಲ ಒರೆಸಿದೆ.

ನೆಲದಲ್ಲಿ 9 ಇಂಚಿನ ಚೌಕದ ಹಳೆಯ ಟೈಲ್ ಇದ್ರೆ ಅದಕ್ಕೂ ಇದೇ ಎಚ್ಚರಿಕೆ. ಅದರಲ್ಲಿ, ಅದರ ಕೆಳಗಿನ ಕಪ್ಪು ಅಂಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಮೊದಲು ಪರೀಕ್ಷೆ ಮಾಡಿಸಿ. ಇದ್ದರೂ ಗಟ್ಟಿಯಾಗಿದ್ರೆ, ಕೀಳದೆ ಅದರ ಮೇಲೇ ಹೊಸ ನೆಲ ಹಾಕೋದು ಒಂದು ದಾರಿ. ಈ ಎರಡು ಪರೀಕ್ಷೆಗಳಿಗೆ ನನಗೆ 120 ಡಾಲರ್ ಆಯ್ತು. ಇಡೀ ಕೆಲಸದಲ್ಲಿ ಅತಿ ಸಾರ್ಥಕ ಖರ್ಚು ಅದು.

ಈಗ ಕಟ್ಟೋಣ. ಮೊದಲು ಕೊಳೆತ ಮರ ಬದಲಾಯಿಸಿದೆ. ಅದರ ಮೇಲೆ ಡ್ರೈವಾಲ್ ಬದಲು ಸಿಮೆಂಟ್ ಬೋರ್ಡ್. ಇದು ನೀರಿಗೆ ಕೊಳೆಯೋದಿಲ್ಲ, ಆದ್ರೆ ನೀರನ್ನು ತಡೆಯೋದೂ ಇಲ್ಲ. ತಡೆಯೋದು ಅದರ ಮೇಲೆ ಬಳಿಯುವ ರಬ್ಬರಿನಂಥ ಜಲನಿರೋಧಕ ಪದರ. ಎರಡು ಕೋಟ್, ಸಂದುಗಳಿಗೂ ಸ್ಕ್ರೂಗಳ ತಲೆಗಳಿಗೂ ಬಿಡದೆ. ನಿಜವಾದ ಗೋಡೆ ಅದೇ, ಟೈಲ್ ಅದರ ಮೇಲಿನ ಅಂಗಿ. ಟಬ್ ತೆಗೆದು ಷವರ್ ನೆಲ ಮಾಡುವವರು ಒಂದು ಅಡಿಗೆ ಕಾಲು ಇಂಚು ಇಳಿಜಾರು ಕೊಡಿ. ಟೈಲ್ ಹಾಕೋ ಮುಂಚೆ ತೂತು ಮುಚ್ಚಿ, ನೀರು ತುಂಬಿ, 24 ಗಂಟೆ ಬಿಟ್ಟು ಮಟ್ಟ ಇಳಿದಿದೆಯಾ ನೋಡಿ.

ಟೈಲ್ ಅಂಟಿಸೋ ಥಿನ್‌ಸೆಟ್‌ನಲ್ಲಿರೋದೂ ಸಿಮೆಂಟೇ. ಸಿಮೆಂಟ್ ಒಣಗಿ ಗಟ್ಟಿಯಾಗೋದಲ್ಲ, ನೀರಿನ ಜೊತೆ ಪ್ರತಿಕ್ರಿಯೆ ನಡೆದು ಗಟ್ಟಿಯಾಗೋದು. ಹಾಗಾಗಿ ಫ್ಯಾನ್ ಹಾಕಿ ಅವಸರ ಮಾಡಬೇಡಿ. ಆ ಪ್ರತಿಕ್ರಿಯೆಯಲ್ಲಿ ಸುಣ್ಣವೂ ಹುಟ್ಟುತ್ತೆ, ಹಸಿ ಸಿಮೆಂಟಿನ ಪಿಎಚ್ 12 ದಾಟುತ್ತೆ. ಬರಿಗೈಯಲ್ಲಿ ಮುಟ್ಟಿದ್ರೆ ತಕ್ಷಣ ಉರಿಯದೆ ಇರಬಹುದು, ರಾತ್ರಿಗೆ ಚರ್ಮ ಸುಟ್ಟಿರುತ್ತೆ. ಕೈಗವಸು ಹಾಕಿ. ಟೈಲನ್ನು ನೀರು ಹರಿಸುವ ಗರಗಸದಲ್ಲೇ ಕತ್ತರಿಸಿ. ಒಣ ಕತ್ತರಿಕೆಯಲ್ಲಿ ಏಳೋದು ಸಿಲಿಕಾ ಧೂಳು, ಕೋಲಾರದ ಚಿನ್ನದ ಗಣಿಗಳಲ್ಲಿ ಎಷ್ಟೋ ಕಾರ್ಮಿಕರ ಶ್ವಾಸಕೋಶ ಕೆಡಿಸಿದ ಧೂಳು ಅದು.

ಗೋಡೆಯೂ ಟಬ್ಬೂ ಸೇರುವ ಕಡೆ ಗ್ರೌಟ್ ಬೇಡ, ಸಿಲಿಕೋನ್ ಹಾಕಿ. ಇಲ್ಲಿನ ಬೇಸಿಗೆಯ ಸೆಕೆಗೆ ಮರ ಉಬ್ಬುತ್ತೆ, ಚಳಿಗಾಲದ ಹೀಟರ್‌ಗೆ ಕುಗ್ಗುತ್ತೆ, ಗ್ರೌಟ್ ಬಿರಿಯುತ್ತೆ. ಹಚ್ಚೋ ಮುಂಚೆ ಟಬ್‌ಗೆ ನೀರು ತುಂಬಿಸಿ. 40 ಗ್ಯಾಲನ್ ಅಂದ್ರೆ ಸುಮಾರು 150 ಕಿಲೋ ಭಾರ, ಟಬ್ ಒಂಚೂರು ಕುಸಿದ್ರೆ ಸಂದು ಅಗಲವಾಗುತ್ತೆ. ಆ ಸ್ಥಿತಿಯಲ್ಲೇ ಸಿಲಿಕೋನ್ ಗಟ್ಟಿಯಾಗಲಿ.

ಅಮ್ಮನ ಬಚ್ಚಲಲ್ಲಿ ತೇವ ಆರಿಸ್ತಿದ್ದದ್ದು ಒಲೆ. ಇಲ್ಲಿ ಆ ಕೆಲಸ ಫ್ಯಾನ್‌ನದು. ನಮ್ಮ ಕೋಣೆಯ ಗಾಳಿ 5 ಸಲ 8 ಸಲ 8, ಅಂದ್ರೆ 320 ಘನ ಅಡಿ. ನಿಮಿಷಕ್ಕೆ 50 ಘನ ಅಡಿ ಎಳೆಯುವ ಫ್ಯಾನ್‌ಗೆ ಅಷ್ಟು ಗಾಳಿ ಹೊರಹಾಕೋಕೆ ಆರೂವರೆ ನಿಮಿಷ ಬೇಕು. ಸ್ನಾನ ಆದ ಮೇಲೆ 20 ನಿಮಿಷ ಓಡಿದ್ರೆ ಮೂರು ಸಲ ಆಯ್ತು. ಅದರ ಕೊಳವೆ ಮನೆಯ ಹೊರಗೇ ಹೋಗಬೇಕು. ನಮ್ಮದು ಅಟ್ಟಕ್ಕೆ ಬಿಟ್ಟಿತ್ತು, ಅಂದ್ರೆ ತೇವ ಒಂದು ಮಹಡಿ ಮೇಲೆ ಹೋಗಿ ಕೂತಿತ್ತು ಅಷ್ಟೇ.

ಗೋಡೆ ತೆರೆದಿರುವಾಗ ಇನ್ನೊಂದು ಕೆಲಸ ಮಾಡಿ. ಅಮೆರಿಕದಲ್ಲಿ 65 ದಾಟಿದವರಲ್ಲಿ ನಾಲ್ವರಿಗೆ ಒಬ್ಬರಿಗಿಂತ ಹೆಚ್ಚು ಜನ ಪ್ರತಿವರ್ಷ ಬೀಳ್ತಾರೆ. ಹಿಡಿದು ನಿಲ್ಲುವ ಕಂಬಿ ಬೇಕು, ಅದು 250 ಪೌಂಡ್ ಭಾರ ತಡೀಬೇಕು. ಟೈಲ್‌ಗೆ ಸ್ಕ್ರೂ ಹೊಡೆದ್ರೆ ತಡೆಯೋದಿಲ್ಲ. ಕಂಬಿ ಬರುವ ಎತ್ತರಕ್ಕೆ ಎರಡು ಮರದ ಕಂಬಗಳ ನಡುವೆ ಅಡ್ಡಪಟ್ಟಿ ಹೊಡೆದಿಡಿ. ಈಗ ಕೆಲವೇ ಡಾಲರ್, ಆಮೇಲೆ ಗೋಡೆ ಒಡೀಬೇಕು.

ಲೆಕ್ಕ ಹೇಳ್ತೀನಿ. ಕಂಟ್ರಾಕ್ಟರ್ ಒಬ್ಬರು ಹೇಳಿದ್ದು 19,000 ಡಾಲರ್. ನಮಗೆ ಆದದ್ದು 2,800. ಅದರಲ್ಲಿ 1,150 ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್‌ಗೆ, ಅದನ್ನು ಉಳಿಸೋಕೆ ಹೋಗಲಿಲ್ಲ. ಟೈಲ್‌ಗೆ 310 ಮಾತ್ರ, ಸ್ವಲ್ಪ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಯ ರೀಸ್ಟೋರ್‌ನಲ್ಲಿ ಸಿಕ್ಕಿತು. ಹಳೆಯ ಟಬ್ ಉಳಿಸಿದ್ದು, ಕಮೋಡನ್ನೂ ಪೈಪುಗಳನ್ನೂ ಇದ್ದ ಜಾಗದಲ್ಲೇ ಬಿಟ್ಟದ್ದು, ನಮ್ಮ ಏಳು ವಾರಾಂತ್ಯಗಳು: ಉಳಿತಾಯ ಎಲ್ಲ ಬಂದದ್ದು ಅಲ್ಲಿಂದ. ಶುರು ಮಾಡೋ ಮುಂಚೆ ನಿಮ್ಮ ಟೌನ್‌ಶಿಪ್‌ನ ಕಟ್ಟಡ ವಿಭಾಗಕ್ಕೆ ಫೋನ್ ಮಾಡಿ, ಯಾವುದಕ್ಕೆ ಪರ್ಮಿಟ್ ಬೇಕು ಅಂತ ಕೇಳಿ. ನ್ಯೂಯಾರ್ಕ್ ನಗರದಲ್ಲಿ ಬಾಡಿಗೆಗೆ ಇರುವವರು ಗೋಡೆ ಮುಟ್ಟಬೇಡಿ. ಮೂರು ಅಥವಾ ಹೆಚ್ಚು ಮನೆಗಳಿರೋ ಕಟ್ಟಡದಲ್ಲಿ ಬೂಷ್ಟನ್ನೂ ಅದರ ಕಾರಣವನ್ನೂ ಸರಿಪಡಿಸೋದು ಮಾಲೀಕರ ಹೊಣೆ, 2018ರ 55ನೇ ಸ್ಥಳೀಯ ಕಾನೂನು ಹಾಗೆ ಹೇಳುತ್ತೆ. ಅವರು ಕೇಳದಿದ್ರೆ 311ಕ್ಕೆ ಕರೆ ಮಾಡಿ.

ಈಗ ಅಮ್ಮ ಟಬ್‌ನ ಒಳಗೆ ಸ್ಟೂಲ್ ಹಾಕಿ ಕೂತು, ಕೈಷವರ್‌ನಿಂದ ಬಕೆಟ್ ತುಂಬಿಸಿ, ಚೊಂಬಲ್ಲೇ ಸ್ನಾನ ಮಾಡ್ತಾರೆ. ನೀರೆಲ್ಲ ಟಬ್‌ನ ತೂತಿಗೆ. ಹೊಸ ಟೈಲ್ ನೋಡಿ ಅವರು ಏನೂ ಹೇಳಲಿಲ್ಲ. ಕಂಬಿ ಹಿಡಿದು ಒಂದು ಸಲ ಜಗ್ಗಿ ನೋಡಿ, "ಇದು ಗಟ್ಟಿ ಉಂಟು" ಅಂದ್ರು. ನನಗೆ ಅಷ್ಟು ಸಾಕಾಯ್ತು.

ನಿಮ್ಮ ಬಾತ್‌ರೂಮಿನಲ್ಲೂ ಹೋದ ಕಲೆ ಮತ್ತೆ ಮತ್ತೆ ಬರ್ತಾ ಇದ್ರೆ, ಬ್ಲೀಚ್ ಬಾಟ್ಲಿ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ನೀರು ಎಲ್ಲಿಂದ ಬರ್ತಿದೆ, ಹೋಗೋಕೆ ದಾರಿ ಎಲ್ಲಿದೆ?